ಶಾಲೆಯ ಮಾತು ಕಡತದಲ್ಲಿ ಉಳಿಯಲಿ: ಪೋಷಕರದೇ ಒಂದು ಇ-ಮೇಲ್ ಅಂಚೆಪಟ್ಟಿ

ಓಬಳಾಪುರವೆಂದರೆ ಹೊರಗಿನವರಿಗೆ ನೆನಪಾಗುವುದು ಕಬ್ಬಿಣದ ಅದಿರು ಮತ್ತು ಗಡಿ ವ್ಯಾಜ್ಯ. ಡಿ. ಹಿರೇಹಾಳ್ ಮಂಡಲದ ಈ ಊರಿನ ಗುಡ್ಡಗಳಲ್ಲಿ ಆಂಧ್ರದ ಎಲ್ಲೆ ಎಲ್ಲಿ ಮುಗಿದು ಕರ್ನಾಟಕದ ಎಲ್ಲೆ ಎಲ್ಲಿ ಮೊದಲಾಗುತ್ತದೆ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನೆಲದ ಮೇಲಿನ ಗುರುತುಗಳ ಬಗ್ಗೆಯೇ ತಕರಾರು ಎದ್ದಾಗ ಸರ್ವೆ ಆಫ್ ಇಂಡಿಯಾ ಹಳೆಯ ನಕಾಶೆಗಳನ್ನೂ ದಾಖಲೆಗಳನ್ನೂ ಮುಂದಿಟ್ಟುಕೊಂಡು ಗಡಿಯನ್ನು ಅಳೆಯಬೇಕಾಯಿತು. ಕಲ್ಲು ಕಾಣೆಯಾದರೂ ಕಾಗದ ಉಳಿದಿದ್ದರೆ ವಾದಿಸಲು ಆಧಾರವಿರುತ್ತದೆ. ಇದೇ ಗಡಿಸೀಮೆಯ ಕನ್ನಡ ಮಾಧ್ಯಮದ ಶಾಲೆಗಳ ವಿಷಯದಲ್ಲಿ ಪೋಷಕರ ಕೈಯಲ್ಲಿರುವ ಕಾಗದವೆಷ್ಟು? ಅದನ್ನು ಕಾಪಾಡುವ ಒಂದು ಬಗೆಯನ್ನು ಇಲ್ಲಿ ವಿವರಿಸಿದೆ.

ಲಿಖಿತ ಮಾತಿನ ಬೆಲೆ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಉಳಿದವು ಮೈಸೂರಿಗೆ ಹೋದವು. ಹೀಗೆ ಭಾಷಾ ಅಲ್ಪಸಂಖ್ಯಾತರಾದವರಿಗೆ ಸಂವಿಧಾನ ಕೆಲವು ರಕ್ಷಣೆಗಳನ್ನು ಕೊಟ್ಟಿದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆಂದು 350-ಎ ವಿಧಿ ಹೇಳುತ್ತದೆ. ತನ್ನ ಕುಂದುಕೊರತೆಯ ಮನವಿಯನ್ನು ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು 350ನೆಯ ವಿಧಿ ಪ್ರತಿಯೊಬ್ಬನಿಗೂ ಕೊಟ್ಟಿದೆ. ಕನ್ನಡದ ಮನವಿಗೂ ಅದು ಅನ್ವಯಿಸುತ್ತದೆ.

ಈ ಹಕ್ಕುಗಳು ಕಾರ್ಯರೂಪಕ್ಕೆ ಬರುವುದು ಸಂಖ್ಯೆ ಮತ್ತು ದಾಖಲೆಯ ಮೂಲಕ. 1949ರ ಪ್ರಾಂತೀಯ ಶಿಕ್ಷಣ ಸಚಿವರ ಸಮ್ಮೇಳನ ಒಪ್ಪಿದ ಸೂತ್ರದಂತೆ, ಇಡೀ ಶಾಲೆಯಲ್ಲಿ 40 ಮಕ್ಕಳಾಗಲಿ ಒಂದು ತರಗತಿಯಲ್ಲಿ 10 ಮಕ್ಕಳಾಗಲಿ ಆ ಮಾತೃಭಾಷೆಯವರಿದ್ದರೆ ಕನಿಷ್ಠ ಒಬ್ಬ ಶಿಕ್ಷಕರನ್ನು ಒದಗಿಸಬೇಕು. ಆ ಹತ್ತು ಮಕ್ಕಳು ಇದ್ದಾರೆ ಎಂದು ತೋರಿಸುವವರು ಯಾರು? ಯಾವ ದಿನಾಂಕದಂದು, ಯಾರಿಗೆ ಬರೆದು ತಿಳಿಸಿದರು? ಕಚೇರಿ ಕೇಳುವ ಪ್ರಶ್ನೆ ಇದೇ.

ಲಿಖಿತ ಮಾತಿಗೆ ಎಷ್ಟು ಬೆಲೆಯಿದೆ ಎಂಬುದನ್ನು ಈ ರಾಜ್ಯದ ಪೋಷಕರು ಈಚೆಗೇ ಕಂಡಿದ್ದಾರೆ. ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವನ್ನು ಕಡ್ಡಾಯಗೊಳಿಸಲು 2019ರ ನವೆಂಬರ್‌ನಲ್ಲಿ ಹೊರಟ ಆದೇಶಗಳನ್ನು ಆಂಧ್ರಪ್ರದೇಶ ಹೈಕೋರ್ಟು 2020ರ ಏಪ್ರಿಲ್ 15ರಂದು ರದ್ದುಪಡಿಸಿತು. ಅದರ ಬೆನ್ನಲ್ಲೇ ಸರ್ಕಾರ ಯಾವ ಮಾಧ್ಯಮ ಬೇಕೆಂದು ಪೋಷಕರಿಂದ ಬರಹದಲ್ಲಿ ಆಯ್ಕೆ ಕೇಳಿತು. ಅಂಥ ಸಂದರ್ಭದಲ್ಲಿ ಬರೆದು ಕೊಟ್ಟವರ ಅಭಿಪ್ರಾಯ ಲೆಕ್ಕಕ್ಕೆ ಬರುತ್ತದೆ. ಜಗಲಿಯ ಮೇಲೆ ಆಡಿದ ಮಾತು ಬರುವುದಿಲ್ಲ. ಇನ್ನೊಂದು ಬದಲಾವಣೆಯೂ ಆಗಿದೆ. 2022ರ ಏಪ್ರಿಲ್ 4ರಿಂದ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ರಾಯದುರ್ಗ ಅನಂತಪುರದಲ್ಲೇ ಉಳಿದಿದೆ. ಒಂದೇ ಜಿಲ್ಲೆಯಲ್ಲಿದ್ದ ಕನ್ನಡ ಶಾಲೆಗಳ ಪೋಷಕರು ಈಗ ಎರಡು ಜಿಲ್ಲೆಗಳ ಕಚೇರಿಗಳಿಗೆ ಅಲೆಯಬೇಕು. ಒಂದೆಡೆ ಬಂದ ಉತ್ತರ ಇನ್ನೊಂದೆಡೆಯವರಿಗೆ ತಿಳಿಯುವ ದಾರಿ ಬೇಕಾಗಿದೆ.

ವಾಟ್ಸ್‌ಆ್ಯಪ್ ಸಾಲದೇ?

ಸುದ್ದಿ ಮುಟ್ಟಿಸಲು ಸಾಕು, ಕಾಪಾಡಲು ಸಾಲದು. ಗುಂಪಿನಲ್ಲಿ ಬಂದ ಸುತ್ತೋಲೆಯ ಚಿತ್ರ ಶುಭೋದಯದ ಸಂದೇಶಗಳ ಅಡಿಯಲ್ಲಿ ಹೂತುಹೋಗುತ್ತದೆ. ಫೋನ್ ಬದಲಾದಾಗ ಹಿಂದಿನ ವರ್ಷದ ಮಾತುಕತೆಯೂ ಹೋಗಬಹುದು. ಗುಂಪನ್ನು ನಡೆಸುತ್ತಿದ್ದ ಮೇಷ್ಟ್ರಿಗೆ ವರ್ಗವಾದರೆ ಗುಂಪೇ ಸೊರಗುತ್ತದೆ. ಮೂರು ವರ್ಷದ ಹಿಂದೆ ಶಿಕ್ಷಕರ ಹುದ್ದೆ ಕೇಳಿ ಕೊಟ್ಟ ಅರ್ಜಿ ಎಲ್ಲಿ ಎಂದರೆ ಯಾರ ಬಳಿಯೂ ಸಿಗದು.

ಇದಕ್ಕೆ ಇಂಟರ್ನೆಟ್ಟಿನ ಹಳೆಯ, ಗಟ್ಟಿಯಾದ ಉಪಾಯವೊಂದಿದೆ. ಅದೇ ಮೇಲಿಂಗ್ ಲಿಸ್ಟ್, ಅಂದರೆ ಅಂಚೆಪಟ್ಟಿ. ಒಂದು ಇ-ಮೇಲ್ ವಿಳಾಸಕ್ಕೆ ಬರೆದ ಪತ್ರ ಪಟ್ಟಿಯ ಎಲ್ಲ ಸದಸ್ಯರಿಗೂ ತಲಪುತ್ತದೆ. ಒಂದು ಪ್ರತಿ ದಿನಾಂಕ, ವೇಳೆ, ಕಳುಹಿಸಿದವರ ವಿಳಾಸದೊಡನೆ ಸಂಗ್ರಹದಲ್ಲಿ ಉಳಿಯುತ್ತದೆ. ಮುಂದಿನ ವರ್ಷ ಒಂದನೆಯ ತರಗತಿಗೆ ಮಗುವನ್ನು ಸೇರಿಸುವ ತಾಯಿಯೂ ಐದು ವರ್ಷದ ಹಿಂದಿನ ಪತ್ರವನ್ನು ಹುಡುಕಿ ಓದಬಹುದು. ಪೋಷಕರು ಹೊಸದೇನನ್ನೂ ಕಲಿಯಬೇಕಿಲ್ಲ. ಆಂಡ್ರಾಯ್ಡ್ ಫೋನ್ ಇರುವ ಬಹುತೇಕ ಮನೆಗಳಲ್ಲಿ ಜಿಮೇಲ್ ವಿಳಾಸವೊಂದು ಇದ್ದೇ ಇರುತ್ತದೆ.

ದೊಡ್ಡ ಕಂಪನಿಗಳು ಇಂಥ ಸೌಲಭ್ಯವನ್ನು ಪುಕ್ಕಟೆಯಾಗಿ ಕೊಡುತ್ತವೆಯಲ್ಲ, ಸ್ವಂತ ಸರ್ವರ್ ಏಕೆ ಎಂಬ ಪ್ರಶ್ನೆ ಸಹಜ. ಯಾಹೂ ಗ್ರೂಪ್ಸ್‌ನ ಕಥೆಯೇ ಅದಕ್ಕೆ ಉತ್ತರ. 2001ರಿಂದ ಜಗತ್ತಿನ ಲೆಕ್ಕವಿಲ್ಲದಷ್ಟು ಬಳಗಗಳು ಅಲ್ಲಿ ಪತ್ರವ್ಯವಹಾರ ನಡೆಸಿದವು. 2019ರ ಕೊನೆಯಲ್ಲಿ ಕಂಪನಿ ಹಳೆಯ ಸಂಗ್ರಹಗಳನ್ನು ತೆಗೆದುಹಾಕುವ ತೀರ್ಮಾನ ಮಾಡಿತು. 2020ರ ಡಿಸೆಂಬರ್ 15ರಂದು ಇಡೀ ಸೇವೆಯನ್ನೇ ಮುಚ್ಚಿತು. ಸಕಾಲದಲ್ಲಿ ಪ್ರತಿ ತೆಗೆದಿಟ್ಟುಕೊಳ್ಳದವರು ತಮ್ಮ ಪತ್ರಗಳನ್ನು ಕಳೆದುಕೊಂಡರು. ಕಂಪನಿಯದು ಅನ್ಯಾಯವೆನ್ನಲಾಗದು. ಬಾಡಿಗೆಯನ್ನೂ ಕೊಡದೆ ಕುಳಿತ ಮನೆಯನ್ನು ಮಾಲೀಕರು ಬಿಡಿಸಿದರು, ಅಷ್ಟೆ.

ಅಂಚೆಮನೆ ಕಟ್ಟುವ ಬಗೆ

ಮೊದಲು ಬೇಕಾದುದು ಒಂದು ಹೆಸರು, ಅಂದರೆ ಡೊಮೇನ್. ಅದನ್ನು ವರ್ಷಕ್ಕಿಷ್ಟು ಎಂದು ಹಣ ಕಟ್ಟಿ ನೋಂದಾಯಿಸಬೇಕು. ಎರಡನೆಯದು ಹಗಲಿರುಳು ನಡೆಯುವ, ಸ್ಥಿರವಾದ ಐಪಿ ವಿಳಾಸವಿರುವ, ಬಾಡಿಗೆಯ ಸರ್ವರ್. ಮನೆಯ ಇಂಟರ್ನೆಟ್ ಸಂಪರ್ಕದಲ್ಲಿ ಇದು ನಡೆಯದು. ವಿದ್ಯುತ್ ಹೋಗುವುದು ಒಂದು ಕಾರಣವಾದರೆ, ಮನೆಯ ಸಂಪರ್ಕಗಳಿಂದ ಬರುವ ಅಂಚೆಯನ್ನು ದೊಡ್ಡ ಇ-ಮೇಲ್ ಸೇವೆಗಳು ನಂಬುವುದಿಲ್ಲವೆಂಬುದು ಇನ್ನೊಂದು. ಸರ್ವರ್‌ಗಳ ನಡುವೆ ಅಂಚೆ ಸಾಗುವ ಬಾಗಿಲಿಗೆ 25ನೆಯ ಪೋರ್ಟ್ ಎಂದು ಹೆಸರು. ಬಾಡಿಗೆಗೆ ಕೊಡುವ ಹಲವು ಕಂಪನಿಗಳು ಇದನ್ನು ಮುಚ್ಚಿಟ್ಟಿರುತ್ತವೆ. ಹಣ ಕಟ್ಟುವ ಮೊದಲೇ ಅದನ್ನು ತೆರೆದುಕೊಡುವರೇ ಎಂದು ಬರಹದಲ್ಲಿ ಕೇಳಿಕೊಳ್ಳಬೇಕು.

ಮೂರನೆಯದು ತಂತ್ರಾಂಶ. ಪತ್ರವನ್ನು ಒಯ್ಯುವ ಕೆಲಸಕ್ಕೆ ಪೋಸ್ಟ್‌ಫಿಕ್ಸ್, ಪಟ್ಟಿಯನ್ನು ನಡೆಸಲು ಗ್ನೂ ಮೇಲ್‌ಮನ್. ಎರಡೂ ಮುಕ್ತ ತಂತ್ರಾಂಶಗಳು, ಪರವಾನಗಿ ಶುಲ್ಕವಿಲ್ಲ. 2015ರಲ್ಲಿ ಬಂದ ಮೇಲ್‌ಮನ್ 3ರಲ್ಲಿ ಕೆಲಸಗಳು ಹಂಚಿಹೋಗಿವೆ: ಪತ್ರ ಹಂಚುವುದು ಒಂದು ಭಾಗ, ಸದಸ್ಯರನ್ನು ಸೇರಿಸುವ ಪುಟ ಪೋಸ್ಟೋರಿಯಸ್, ಹಳೆಯ ಪತ್ರಗಳ ಸಂಗ್ರಹ ಹೈಪರ್‌ಕಿಟ್ಟಿ. ಇವೆಲ್ಲಕ್ಕೂ ಆಧಾರವಾಗಿ ಒಂದು ದತ್ತಸಂಚಯ ಬೇಕು.

ಇಷ್ಟನ್ನು ಒಂದೇ ಯಂತ್ರದಲ್ಲಿ ಕೈಯಾರೆ ಹೊಂದಿಸುವುದು ಹಿಂದೆ ತಲೆನೋವಿನ ಕೆಲಸವಾಗಿತ್ತು. ಒಂದನ್ನು ನವೀಕರಿಸಿದರೆ ಇನ್ನೊಂದು ಕೆಡುತ್ತಿತ್ತು. 2013ರಲ್ಲಿ ಬಂದ ಡಾಕರ್ ಜನಪ್ರಿಯಗೊಳಿಸಿದ ಕಂಟೇನರ್ ಪದ್ಧತಿ ಇದನ್ನು ಸುಲಭಗೊಳಿಸಿತು. ಹೊಲಕ್ಕೆ ಬುತ್ತಿ ಒಯ್ಯುವ ಅಂತಸ್ತಿನ ಡಬ್ಬಿಯನ್ನು ನೆನೆಯಿರಿ. ಅನ್ನ ಒಂದರಲ್ಲಿ, ಸಾರು ಇನ್ನೊಂದರಲ್ಲಿ, ಮಜ್ಜಿಗೆ ಮತ್ತೊಂದರಲ್ಲಿ. ಒಂದು ಹಳಸಿದರೆ ಆ ಡಬ್ಬಿಯನ್ನಷ್ಟೇ ಬದಲಿಸಿದರಾಯಿತು. ಯಾವ ಡಬ್ಬಿ ಎಲ್ಲಿ ಕೂರಬೇಕು, ಯಾವುದಕ್ಕೆ ಯಾವುದರ ಸಂಪರ್ಕ ಎಂಬುದನ್ನು ಕಂಪೋಸ್ ಎಂಬ ಒಂದೇ ಕಡತದಲ್ಲಿ ಬರೆದಿಡಲಾಗುತ್ತದೆ. ಆ ಕಡತವನ್ನೂ ಪತ್ರಗಳ ಪ್ರತಿಯನ್ನೂ ಕಾಪಾಡಿಕೊಂಡವರು ಸರ್ವರ್ ಕೆಟ್ಟರೂ ಬೇರೊಂದರಲ್ಲಿ ಅಂಚೆಮನೆಯನ್ನು ಮತ್ತೆ ಎಬ್ಬಿಸಬಹುದು. ನಿಯಮವೊಂದನ್ನು ಮಾತ್ರ ಮರೆಯಬಾರದು: ಪತ್ರಗಳು ಕಂಟೇನರಿನ ಒಳಗೆ ಇರಕೂಡದು. ಅವಕ್ಕೆ ಹೊರಗೆ ಪ್ರತ್ಯೇಕ ಜಾಗ ಗೊತ್ತುಮಾಡಬೇಕು. ಇಲ್ಲವಾದರೆ ಡಬ್ಬಿ ಬದಲಿಸಿದ ದಿನ ಊಟವೂ ಹೋಗುತ್ತದೆ.

ಎಲ್ಲ ಪೋಷಕರಿಗೂ ಹೊಸ ಅಂಚೆಪೆಟ್ಟಿಗೆ ತೆರೆದುಕೊಡುವ ಆಸೆ ಬೇಡ. ಅವರು ತಮ್ಮ ಹಳೆಯ ವಿಳಾಸಗಳಲ್ಲೇ ಇರಲಿ. ಸರ್ವರ್ ಪಟ್ಟಿಯನ್ನೂ ಸಂಗ್ರಹವನ್ನೂ ಮಾತ್ರ ಹೊತ್ತರೆ ಖರ್ಚೂ ಕಡಿಮೆ, ಗುಪ್ತಪದ ಮರೆತವರ ದೂರೂ ಕಡಿಮೆ.

ಮುದ್ರೆ ಮತ್ತು ನಂಬಿಕೆ

ಸರ್ವರ್ ನಿಲ್ಲಿಸುವುದಕ್ಕಿಂತ ಅದರ ಪತ್ರವನ್ನು ಇತರರು ನಂಬುವಂತೆ ಮಾಡುವುದು ಕಷ್ಟ. ಇದಕ್ಕಾಗಿ ಡೊಮೇನ್ ಹೆಸರಿನಡಿ ಕೆಲವು ಘೋಷಣೆಗಳನ್ನು ಪ್ರಕಟಿಸಬೇಕು. ಈ ಹೆಸರಿಗೆ ಬರುವ ಪತ್ರವನ್ನು ಯಾವ ಸರ್ವರಿಗೆ ತಲಪಿಸಬೇಕೆಂದು ಎಂಎಕ್ಸ್ ಹೇಳುತ್ತದೆ. ಎಸ್‌ಪಿಎಫ್ ವಕಾಲತ್ತುನಾಮೆಯಂತೆ, ಈ ಹೆಸರಿನಲ್ಲಿ ಪತ್ರ ಕಳುಹಿಸಲು ಯಾರಿಗೆ ಅಧಿಕಾರವಿದೆ ಎಂಬುದನ್ನು ಸಾರುತ್ತದೆ. ಡಿಕೆಐಎಂ ಅರಗಿನ ಮುದ್ರೆಯಂತೆ. ದಾರಿಯಲ್ಲಿ ಒಕ್ಕಣೆ ಬದಲಾದರೆ ಮುದ್ರೆ ಒಡೆಯುತ್ತದೆ. ಇವೆರಡೂ ಹೊಂದದ ಪತ್ರವನ್ನು ಏನು ಮಾಡಬೇಕೆಂದು ಡಿಮಾರ್ಕ್ ತಿಳಿಸುತ್ತದೆ. ಜೊತೆಗೆ ಐಪಿ ಸಂಖ್ಯೆಯಿಂದ ಹುಡುಕಿದರೂ ಅದೇ ಹೆಸರು ಸಿಗುವಂತೆ ಬಾಡಿಗೆ ಕಂಪನಿಯಿಂದ ನಮೂದು ಮಾಡಿಸಬೇಕು. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಈ ವಿಷಯದಲ್ಲಿ ಇನ್ನಷ್ಟು ಬಿಗಿಯಾಗಿವೆ.

ಅಂಚೆಪಟ್ಟಿಗೆ ವಿಶೇಷವಾದ ತೊಡಕೊಂದಿದೆ. ಪಟ್ಟಿಯು ಸದಸ್ಯರ ಪತ್ರಕ್ಕೆ ತನ್ನ ಅಡಿಬರಹ ಸೇರಿಸಿದೊಡನೆ ಮೂಲದ ಮುದ್ರೆ ಒಡೆಯುತ್ತದೆ. 2014ರ ಏಪ್ರಿಲ್‌ನಲ್ಲಿ ಯಾಹೂ ಮುದ್ರೆ ಹೊಂದದ ಪತ್ರಗಳನ್ನು ತಿರಸ್ಕರಿಸಬೇಕೆಂದು ಸಾರಿದಾಗ ಜಗತ್ತಿನ ಅಂಚೆಪಟ್ಟಿಗಳು ತತ್ತರಿಸಿದವು. ಮೇಲ್‌ಮನ್‌ನಲ್ಲಿ ಇದಕ್ಕೆ ಪರಿಹಾರದ ಆಯ್ಕೆಯಿದೆ: ಪತ್ರ ಪಟ್ಟಿಯ ಹೆಸರಿನಲ್ಲಿ ಹೊರಡುತ್ತದೆ, ಬರೆದವರ ಹೆಸರೂ ಅದರೊಡನೆ ಕಾಣುತ್ತದೆ. ಪಟ್ಟಿ ತೆರೆಯುವಾಗಲೇ ಇದನ್ನು ಆರಿಸಿಕೊಳ್ಳಬೇಕು.

ಪತ್ರಗಳನ್ನು ಯೂನಿಕೋಡ್ ಕನ್ನಡದಲ್ಲೇ ಬರೆಯಬೇಕು. ನುಡಿ, ಬರಹಗಳ ಹಳೆಯ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಕಡತ ಬೇರೆ ಫೋನಿನಲ್ಲಿ ಗೋಜಲಾಗಿ ಕಾಣುತ್ತದೆ, ಹುಡುಕಿದರೆ ಸಿಗುವುದೂ ಇಲ್ಲ. ವಿಳಾಸವನ್ನೇ ಕನ್ನಡ ಲಿಪಿಯಲ್ಲಿ ಇಡಲು ಪೋಸ್ಟ್‌ಫಿಕ್ಸ್ 2015ರಿಂದ ಅವಕಾಶ ಕೊಟ್ಟಿದೆ. ಆದರೆ ಎಲ್ಲ ಸರ್ವರ್‌ಗಳೂ ಅಂಥ ವಿಳಾಸವನ್ನು ಒಪ್ಪುವುದಿಲ್ಲ. ಸದ್ಯಕ್ಕೆ ವಿಳಾಸ ರೋಮನ್ ಲಿಪಿಯಲ್ಲಿರಲಿ, ಸ್ವಾಗತಪತ್ರ ಮತ್ತು ಅಡಿಬರಹಗಳು ಕನ್ನಡದಲ್ಲಿರಲಿ.

ಇದೆಲ್ಲ ಹಳ್ಳಿಯ ಶಾಲೆಗಳಿಗೆ ಎಟುಕದ ವಿದ್ಯೆಯೆಂದು ಭಾವಿಸಬೇಕಿಲ್ಲ. ಕೇರಳದಲ್ಲಿ 2001ರಲ್ಲಿ ಆರಂಭವಾಗಿ ಈಗ ಕೈಟ್ ಎಂದು ಕರೆಯಿಸಿಕೊಳ್ಳುವ ಯೋಜನೆಯ ಮೂಲಕ ಸರ್ಕಾರಿ ಶಾಲೆಗಳು ಮುಕ್ತ ತಂತ್ರಾಂಶವನ್ನೇ ಬಳಸುತ್ತಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಗಣಕಪಾಠವನ್ನು ಕನ್ನಡದ ಪಠ್ಯಪುಸ್ತಕದಲ್ಲೇ ಓದುತ್ತಾರೆ. ನಮ್ಮೂರಿನಿಂದ ಹೋಗಿ ಬಳ್ಳಾರಿಯಲ್ಲೋ ಬೆಂಗಳೂರಿನಲ್ಲೋ ಎಂಜಿನಿಯರಿಂಗ್ ಓದಿದ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಮನಸ್ಸು ಮಾಡಿದರೆ ಈ ಕೆಲಸ ಸಾಗುತ್ತದೆ.

ಕಾನೂನಿನ ದೃಷ್ಟಿಯಲ್ಲಿ

2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 4ನೆಯ ಕಲಮು ವಿದ್ಯುನ್ಮಾನ ದಾಖಲೆಗೆ ಮಾನ್ಯತೆ ಕೊಟ್ಟಿದೆ. ಪತ್ರ ಯಾವಾಗ ರವಾನೆಯಾಯಿತು, ಯಾವಾಗ ತಲಪಿತು ಎಂಬುದನ್ನು 13ನೆಯ ಕಲಮು ನಿರ್ಣಯಿಸುತ್ತದೆ. ಅಂಥ ದಾಖಲೆಯನ್ನು ನ್ಯಾಯಾಲಯಕ್ಕೆ ಒಯ್ಯುವಾಗ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಪ್ರಮಾಣಪತ್ರ ಲಗತ್ತಿಸಬೇಕು. ಸಂಗ್ರಹ ನಮ್ಮದೇ ಸರ್ವರಿನಲ್ಲಿದ್ದರೆ ಪ್ರಮಾಣಪತ್ರಕ್ಕೆ ಸಹಿ ಹಾಕುವ ಹೊಣೆಗಾರರು ನಮ್ಮೂರಿನಲ್ಲೇ ಇರುತ್ತಾರೆ. ಹಾಗೆಂದು ಇ-ಮೇಲ್ ಕಳುಹಿಸಿ ಸುಮ್ಮನೆ ಕೂರುವಂತಿಲ್ಲ. ಮುಖ್ಯವಾದ ಮನವಿಯನ್ನು ಸಹಿ ಮಾಡಿ ಕಚೇರಿಗೆ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿ, ಆ ಪ್ರತಿಯ ಚಿತ್ರವನ್ನು ಪಟ್ಟಿಗೆ ಕಳುಹಿಸಬೇಕು.

ಎಚ್ಚರವೂ ಅಗತ್ಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರನ್ನು ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಆದ್ದರಿಂದ ಮಕ್ಕಳ ಆಧಾರ್ ಸಂಖ್ಯೆ, ಅಂಕಪಟ್ಟಿ, ಜಾತಿ ಪ್ರಮಾಣಪತ್ರಗಳು ಪಟ್ಟಿಗೆ ಬರಕೂಡದು. ಸಂಗ್ರಹ ಸದಸ್ಯರಿಗೆ ಮಾತ್ರ ತೆರೆದಿರಲಿ. ಪೋಷಕರೇ ಸದಸ್ಯರಾಗಲಿ, ಮಕ್ಕಳಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಒಡೆತನ. ಡೊಮೇನ್ ಯಾರೋ ಒಬ್ಬ ಉತ್ಸಾಹಿ ಯುವಕನ ಹೆಸರಿನಲ್ಲಿದ್ದರೆ ಅವನು ಊರು ಬಿಟ್ಟ ದಿನ ಅಂಚೆಮನೆಯೂ ಅವನೊಡನೆ ಹೋಗುತ್ತದೆ. ಪೋಷಕರು 2001ರ ಆಂಧ್ರಪ್ರದೇಶ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘವೊಂದನ್ನು ನೋಂದಾಯಿಸಿ, ಅದರ ಹೆಸರಿನಲ್ಲೇ ಡೊಮೇನನ್ನೂ ಸರ್ವರನ್ನೂ ಪಡೆಯುವುದು ಲೇಸು. ಗುಪ್ತಪದಗಳು ಇಬ್ಬರ ಬಳಿ ಇರಲಿ. ಇನ್ನೊಂದು ಪ್ರತಿ ಮುಚ್ಚಿದ ಲಕೋಟೆಯಲ್ಲಿ ಸಂಘದ ಕಪಾಟಿನಲ್ಲಿರಲಿ. ಸಂಗ್ರಹದ ಪ್ರತಿಯನ್ನು ಪ್ರತಿ ರಾತ್ರಿ ಬೇರೊಂದು ಸ್ಥಳಕ್ಕೆ ಕಳುಹಿಸುವ ಏರ್ಪಾಡಾಗಲಿ. ವರ್ಷಕ್ಕೊಮ್ಮೆಯಾದರೂ ಆ ಪ್ರತಿಯಿಂದ ಪತ್ರಗಳನ್ನು ಮರಳಿ ತೆರೆದು ನೋಡಲಿ. ತೆರೆದು ನೋಡದ ಪ್ರತಿ ಇದ್ದೂ ಇಲ್ಲದಂತೆ.

ಮೊದಲ ಪತ್ರ

ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಮೊದಲೇ ಇಷ್ಟನ್ನು ಮಾಡಲು ಸಾಧ್ಯವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಕಲಮಿನಂತೆ ಶಾಲಾ ನಿರ್ವಹಣಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಆ ಸಮಿತಿಯ ಸಭೆಯಲ್ಲೇ ವಿಷಯ ಪ್ರಸ್ತಾಪವಾಗಲಿ. ಪಟ್ಟಿ ಸಿದ್ಧವಾದಾಗ ಮೊದಲ ಪತ್ರ ಶುಭಾಶಯದ್ದಾಗಬೇಕಿಲ್ಲ. ಈ ವರ್ಷ ಯಾವ ತರಗತಿಗೆ ಎಷ್ಟು ಮಕ್ಕಳು ಕನ್ನಡ ಮಾಧ್ಯಮ ಕೋರಿದ್ದಾರೆ, ಎಷ್ಟು ಶಿಕ್ಷಕರಿದ್ದಾರೆ, ಎಷ್ಟು ಹುದ್ದೆ ಖಾಲಿಯಿವೆ, ಪಠ್ಯಪುಸ್ತಕ ಬಂದಿದೆಯೇ ಎಂಬ ನಾಲ್ಕು ಸಾಲುಗಳಿರಲಿ, ಕೆಳಗೆ ದಿನಾಂಕವಿರಲಿ. ಮುಂದಿನ ವರ್ಷ ಅದೇ ದಿನ ಅದೇ ನಾಲ್ಕು ಸಾಲುಗಳನ್ನು ಮತ್ತೆ ಬರೆದರೆ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಅಧಿಕಾರಿಗಳ ಮುಂದೆ ಕೂರಲು ಯಾರ ನೆನಪಿನ ಹಂಗೂ ಬೇಕಾಗುವುದಿಲ್ಲ.