ಎದುರಾಳಿಗೂ ಒಂದು ಚಪ್ಪಾಳೆ: ಕೈಲಾಂಚದ ಬಯಲು, ಕಂಠೀರವದ ಗ್ಯಾಲರಿ

ಹೋಬಳಿ ಮಟ್ಟದ ಕ್ರೀಡಾಕೂಟ ಅಂದರೆ ಏನು ಅಂತ ಕೈಲಾಂಚದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರಾಮನಗರ ತಾಲ್ಲೂಕಿನ ಈ ಹೋಬಳಿಯಲ್ಲಿ ಮಾವಿನ ಸುಗ್ಗಿ ಮುಗಿದು, ರಾಗಿ ಬಿತ್ತೋದಕ್ಕೆ ಜನ ಆಕಾಶ ನೋಡ್ತಾ ಕೂತಿರುವ ಹೊತ್ತಿಗೆ ಶಾಲೆಗಳಲ್ಲಿ ಸೀಟಿ ಊದುವುದು ಶುರುವಾಗುತ್ತೆ. ಹೋಬಳಿಯಲ್ಲಿ ಗೆದ್ದರೆ ತಾಲ್ಲೂಕು, ತಾಲ್ಲೂಕಿನಲ್ಲಿ ಗೆದ್ದರೆ ಜಿಲ್ಲೆ, ಆಮೇಲೆ ವಿಭಾಗ, ಆಮೇಲೆ ರಾಜ್ಯ. ಏಣಿ ಉದ್ದವಾಗಿಯೇ ಇದೆ. ಮೊದಲ ಮೆಟ್ಟಿಲು ಊರ ಬಯಲಿನಲ್ಲಿದೆ.

ಇಂಥ ಕೂಟಗಳಲ್ಲಿ ಜನ ಎಲ್ಲಿ ನಿಲ್ಲುತ್ತಾರೆ ನೋಡಿ. ಕೈಲಾಂಚವೇ ಆಗಲಿ, ಇನ್ಯಾವ ಹೋಬಳಿಯೇ ಆಗಲಿ, ಕಬಡ್ಡಿ ಅಂಕಣದ ಸುತ್ತ ಗೋಡೆ ಕಟ್ಟಿದ ಹಾಗೆ ಜನ. ಖೋಖೋಗೂ ಪರವಾಗಿಲ್ಲ. ಓಟಕ್ಕೆ ಗೆರೆಯ ಅಕ್ಕಪಕ್ಕ ಒಂದಿಷ್ಟು ಮಕ್ಕಳು. ಅತ್ತ ಮೂಲೆಯಲ್ಲಿ ಭರ್ಜಿ, ಅಂದರೆ ಜಾವೆಲಿನ್ ಎಸೆಯುವ ಹುಡುಗನ ಹತ್ತಿರ ಇರೋದು ಮೂರೇ ಜನ: ಟೇಪು ಹಿಡಿದ ಮೇಷ್ಟ್ರು, ಟೇಪಿನ ಇನ್ನೊಂದು ತುದಿ ಹಿಡಿದವನು, ಬಿದ್ದ ಭರ್ಜಿ ಎತ್ತಿಕೊಂಡು ಬರುವವನು. ನೋಡೋರು? ಸೊನ್ನೆ. ಮೂಲೆಗೆ ಹಾಕೋದಕ್ಕೆ ಕಾರಣವೂ ಇದೆ ಅನ್ನಿ. ತಪ್ಪಿ ಯಾರ ಮೈಮೇಲಾದರೂ ಬಿದ್ದರೆ ಕ್ರೀಡಾಕೂಟ ಅಲ್ಲಿಗೇ ಮುಗೀತು.

ಇದೇ ಭರ್ಜಿಯನ್ನು ನೋಡೋದಕ್ಕೆ 2025ರ ಜುಲೈ 5, ಶನಿವಾರ ಸಂಜೆ, ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ 15 ಸಾವಿರದ ಹತ್ತಿರ ಜನ ದುಡ್ಡು ಕೊಟ್ಟು ಕೂತಿದ್ದರು. ಭಾರತದಲ್ಲಿ ನಡೆದ ಮೊಟ್ಟಮೊದಲ ಅಂತರರಾಷ್ಟ್ರೀಯ ಜಾವೆಲಿನ್ ಸ್ಪರ್ಧೆ ಅದು. ಹೆಸರು ನೀರಜ್ ಚೋಪ್ರಾ ಕ್ಲಾಸಿಕ್. 12 ಎಸೆತಗಾರರು, ಅವರಲ್ಲಿ 7 ಮಂದಿ ಹೊರದೇಶದವರು. ಓಟದ ಸ್ಪರ್ಧೆ ಇಲ್ಲ, ಜಿಗಿತ ಇಲ್ಲ, ಬರೀ ಭರ್ಜಿ. ಇದನ್ನು ನೋಡೋದಕ್ಕೆ ಯಾರು ಬರ್ತಾರೆ ಅಂದವರೂ ಇದ್ದಿರಬಹುದು. ಬಂದರಲ್ಲ!

ಕೈಲಾಂಚದಿಂದ ಕಂಠೀರವ ಈಗ ದೂರದ ಮಾತೇನಲ್ಲ. ರಾಮನಗರಕ್ಕೆ ಬಂದು ರೈಲು ಹತ್ತಬಹುದು, ಇಲ್ಲವೇ ಬಸ್ಸಿನಲ್ಲಿ ಕೆಂಗೇರಿವರೆಗೆ ಹೋಗಿ ಮೆಟ್ರೋ ಹಿಡಿಯಬಹುದು. ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದರೆ ಆಮೇಲೆ ನಡೆದುಕೊಂಡು ಹೋಗುವ ದಾರಿ. ಅದೇ ನಿಲ್ದಾಣದಲ್ಲಿ ಇಳಿದು ಎಡಕ್ಕೋ ಬಲಕ್ಕೋ ತಿರುಗಿದರೆ ಇನ್ನೊಂದು ಮೈದಾನ ಸಿಗುತ್ತೆ. ಚಿನ್ನಸ್ವಾಮಿ.

ಒಂದೇ ತಿಂಗಳ ಅಂತರ

ಹೇಳದೇ ಬಿಡುವ ಹಾಗಿಲ್ಲ. ಕಂಠೀರವದ ಸಂಜೆಗೆ ಹೆಚ್ಚುಕಡಿಮೆ ಒಂದು ತಿಂಗಳ ಹಿಂದೆ, 2025ರ ಜೂನ್ 4ರಂದು, ಚಿನ್ನಸ್ವಾಮಿಯ ಗೇಟುಗಳ ಮುಂದೆ ನೂಕುನುಗ್ಗಲಿನಲ್ಲಿ 11 ಜೀವ ಹೋಯಿತು. ಹಿಂದಿನ ರಾತ್ರಿಯಷ್ಟೇ ಆರ್‌ಸಿಬಿ 18 ವರ್ಷ ಕಾದು ಮೊದಲ ಸಲ ಐಪಿಎಲ್ ಕಪ್ಪು ಗೆದ್ದಿತ್ತು. ಕಪ್ಪು ನೋಡೋಣ ಅಂತ ಊರೂರಿಂದ ಹೊರಟ ಮಕ್ಕಳು ಮನೆಗೆ ವಾಪಸು ಬರಲಿಲ್ಲ. ಜನ ಇಳಿಯದ ಹಾಗೆ ಕಬ್ಬನ್ ಪಾರ್ಕ್ ಮೆಟ್ರೋ ನಿಲ್ದಾಣವನ್ನೇ ಆ ಸಂಜೆ ಮುಚ್ಚಬೇಕಾಯಿತು.

ಜೂನ್ 4ಕ್ಕೆ ಬಂದವರು ಪುಂಡರು, ಜುಲೈ 5ಕ್ಕೆ ಬಂದವರು ಸಭ್ಯರು ಅಂತ ತೀರ್ಪು ಕೊಡೋದು ಬಲು ಸುಲಭ. ಅದು ಅನ್ಯಾಯದ ಮಾತು. ಸತ್ತವರು ಯಾರೂ ಪುಂಡರಲ್ಲ. ಹಬ್ಬ ಅಂತ ಬಂದವರು. ಇವತ್ತು ಆರ್‌ಸಿಬಿ ಅಂಗಿ ಹಾಕುವ ಹುಡುಗನೇ ನಾಳೆ ನೀರಜ್ ನೋಡೋದಕ್ಕೂ ಹೋಗ್ತಾನೆ. ವ್ಯತ್ಯಾಸ ಇದ್ದದ್ದು ಜನರಲ್ಲಲ್ಲ, ಜನರಿಗೆ ಮಾಡೋದಕ್ಕೆ ಏನು ಕೆಲಸ ಕೊಟ್ಟರು ಅನ್ನೋದರಲ್ಲಿ. ಗೇಟಿನ ಹೊರಗೆ ಲಕ್ಷಗಟ್ಟಲೆ ಜನಕ್ಕೆ ಕೆಲಸವೇ ಇರಲಿಲ್ಲ, ಮುಂದಕ್ಕೆ ತಳ್ಳೋದು ಬಿಟ್ಟರೆ. ಕಂಠೀರವದಲ್ಲಿ ಕೂತವರಿಗೆ ಒಂದು ಕೆಲಸ ಇತ್ತು.

ಏನದು? ಚಪ್ಪಾಳೆ.

ಅದು ಗೆದ್ದ ಮೇಲೆ ಹೊಡೆಯುವ ಚಪ್ಪಾಳೆಯಲ್ಲ, ಎಸೆಯುವುದಕ್ಕೆ ಮುಂಚಿನದು. ಎಸೆತಗಾರ ಓಟದ ದಾರಿಯ ತುದಿಯಲ್ಲಿ ನಿಂತು, ಕೈ ತಲೆಯ ಮೇಲೆತ್ತಿ ಒಂದೊಂದೇ ಚಪ್ಪಾಳೆ ತಟ್ಟಿ ಜನರನ್ನು ಕೇಳ್ತಾನೆ. ಗ್ಯಾಲರಿ ಅದನ್ನು ಎತ್ತಿಕೊಳ್ಳಬೇಕು. ಮೊದಲು ನಿಧಾನ. ಅವನು ಹೆಜ್ಜೆ ಕಿತ್ತಂತೆ ಜೋರು. ಅವನು ಓಡಿದಂತೆ ಇನ್ನೂ ಜೋರು. ತಮಟೆಯವನು ಕುಣಿಯುವವನ ಕಾಲು ನೋಡಿಕೊಂಡು ಪೆಟ್ಟು ಬಿಗಿ ಮಾಡ್ತಾನಲ್ಲ, ಥೇಟ್ ಹಾಗೆ. ಭರ್ಜಿ ಕೈಬಿಟ್ಟ ಕ್ಷಣ ಎಲ್ಲಾ ಬಂದ್, ಎಲ್ಲರ ಕತ್ತೂ ಮೇಲೆ. ಈ ತಾಳವನ್ನು ಕೇಳುವವನು ಯಾವ ದೇಶದವನು ಅಂತ ನೋಡಿ ಕೊಡೋದಲ್ಲ. ಕೀನ್ಯಾದವನು ಕೇಳಿದರೂ ಕೊಡಬೇಕು, ಪಾಣಿಪತ್ ಕಡೆಯವನು ಕೇಳಿದರೂ ಕೊಡಬೇಕು.

ಜನ ಬಂದದ್ದು ನೀರಜ್‌ಗಾಗಿಯೇ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಅವರ ಮೊದಲ ಎಸೆತ ಫೌಲ್. ಎರಡನೆಯದು 82.99 ಮೀಟರ್. ಮೂರನೇ ಸುತ್ತಿನಲ್ಲಿ ಶ್ರೀಲಂಕಾದ ರುಮೇಶ್ ಪತಿರಗೆ 84.34 ಎಸೆದು ಮುಂದೆ ಹೋದರು. ಅದೇ ಸುತ್ತಿನಲ್ಲಿ ನೀರಜ್ 86.18. ಎದುರುಗಾಳಿ ಇತ್ತು, ಅದಕ್ಕಿಂತ ಮುಂದೆ ಯಾರ ಭರ್ಜಿಯೂ ಹೋಗಲಿಲ್ಲ. ಕೀನ್ಯಾದ ಜೂಲಿಯಸ್ ಯೇಗೊ 84.51 ಎಸೆದು ಎರಡನೆಯವರಾದರು, ಪತಿರಗೆ ಮೂರನೆಯವರು. 2016ರ ರಿಯೊ ಒಲಿಂಪಿಕ್ಸಿನ ಚಿನ್ನದ ಮನುಷ್ಯ, ಜರ್ಮನಿಯ ಥಾಮಸ್ ರೋಲರ್‌ಗೆ ಅವತ್ತು ಕೈ ಕೂಡಲಿಲ್ಲ. ಆದರೂ ಚಪ್ಪಾಳೆ ಎಲ್ಲರಿಗೂ ಸಿಕ್ಕಿತು.

ಬೈಗುಳದ ಬೇಸಿಗೆ

ಇಷ್ಟು ಹೇಳಿ ನಿಲ್ಲಿಸಿದರೆ ಅದು ಸುಳ್ಳು ಹೂಮಾಲೆಯಾಗುತ್ತೆ. ಯಾಕೆಂದರೆ ಈ ಕೂಟ ಹುಟ್ಟುವುದಕ್ಕೆ ಮುಂಚೆಯೇ ಸಾಯುವುದರಲ್ಲಿತ್ತು.

ಕೂಟ ಮೇ 24ಕ್ಕೆ ನಿಗದಿಯಾಗಿತ್ತು, ಜಾಗ ಹರಿಯಾಣದ ಪಂಚಕುಲ. ಅಲ್ಲಿನ ದೀಪದ ವ್ಯವಸ್ಥೆ ಸಾಲದು ಅಂತ ಬೆಂಗಳೂರಿಗೆ ಬಂತು. ಕರೆಯೋಲೆ ಹೋದವರಲ್ಲಿ ಪಾಕಿಸ್ತಾನದ ಅರ್ಷದ್ ನದೀಮ್ ಕೂಡ ಒಬ್ಬರು. ಕರೆಯದೆ ಹೇಗಿರೋದು? 2024ರ ಆಗಸ್ಟ್ 8ರಂದು ಪ್ಯಾರಿಸ್ಸಿನಲ್ಲಿ 92.97 ಮೀಟರ್ ಎಸೆದು, ಒಲಿಂಪಿಕ್ ದಾಖಲೆಯೊಂದಿಗೆ ಚಿನ್ನ ಗೆದ್ದವರೇ ಅವರು. ನೀರಜ್ 89.45ಕ್ಕೆ ಬೆಳ್ಳಿ. ಅವತ್ತು ರಾತ್ರಿ ನೀರಜ್ ತಾಯಿ ಸರೋಜ್ ದೇವಿ, ಚಿನ್ನ ಗೆದ್ದವನೂ ತನ್ನ ಮಗನ ಹಾಗೇ ಅಂದಿದ್ದರು. ಆ ಕಡೆಯ ತಾಯಿಯೂ ನೀರಜ್ ಬಗ್ಗೆ ಅದೇ ಮಾತಾಡಿದರು. ಎರಡೂ ದೇಶದ ಜನ ಆ ತಾಯಂದಿರ ಮಾತನ್ನು ಮೊಬೈಲಿನಿಂದ ಮೊಬೈಲಿಗೆ ಕಳಿಸಿ ಕಣ್ಣು ಒರೆಸಿಕೊಂಡರು.

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಉಗ್ರರು 26 ಜನರನ್ನು ಕೊಂದರು. ಕರೆಯೋಲೆ ಹೋಗಿದ್ದು ಅದಕ್ಕೆ ಒಂದು ದಿನ ಮುಂಚೆ, ಮತ್ತು ಅರ್ಷದ್ ತಮ್ಮ ತಾಲೀಮಿನ ಕಾರಣ ಕೊಟ್ಟು ಬರುವುದಿಲ್ಲ ಅಂದಿದ್ದರು. ಆದರೆ ಯಾರಿಗೆ ಬೇಕು ಆ ತಾರೀಖಿನ ಲೆಕ್ಕ? ಬೈಗುಳ ಶುರುವಾಯಿತು. ನೀರಜ್‌ಗೆ, ಅವರ ಮನೆಯವರಿಗೆ. ಒಂದು ವರ್ಷದ ಹಿಂದೆ ತಾಯಿಯ ಸರಳತೆಯನ್ನು ಹೊಗಳಿದ ಬಾಯಿಗಳೇ ಈಗ ಅದೇ ಮಾತಿಗೆ ಆ ತಾಯಿಯನ್ನು ಬೈತಿವೆ ಅಂತ ನೀರಜ್ ನೊಂದು ಬರೆದುಕೊಳ್ಳಬೇಕಾಯಿತು. ಸೇನೆಯಲ್ಲಿ ಕೆಲಸ ಮಾಡುವ ಮನುಷ್ಯ ತನ್ನ ದೇಶಭಕ್ತಿಗೆ ತಾನೇ ಸಾಕ್ಷಿ ಹೇಳುವ ಸ್ಥಿತಿ. ಮೇ ತಿಂಗಳಲ್ಲಿ ಗಡಿಯಲ್ಲಿ ಗುಂಡಿನ ಸದ್ದು ಎದ್ದಾಗ ಕೂಟ ಮುಂದಕ್ಕೆ ಹೋಯಿತು. ಆಮೇಲೆ ಜುಲೈ 5.

ಇದೇನೂ ಹೊಸ ರೋಗವಲ್ಲ. 1975ರ ಮಾರ್ಚ್ 15ರಂದು ಕ್ವಾಲಾಲಂಪುರದಲ್ಲಿ ಭಾರತ ಪಾಕಿಸ್ತಾನವನ್ನು 2–1ರಲ್ಲಿ ಸೋಲಿಸಿ ಹಾಕಿ ವಿಶ್ವಕಪ್ ಗೆದ್ದಾಗ ಜನ ರೇಡಿಯೋಕ್ಕೆ ಕಿವಿ ಹಚ್ಚಿ ಕೂತಿದ್ದರು. ಆ ತಂಡದಲ್ಲಿ ಕೊಡಗಿನ ಬಿ.ಪಿ. ಗೋವಿಂದ ಇದ್ದರು, ಕರ್ನಾಟಕಕ್ಕೆ ಅದೊಂದು ಜಾಸ್ತಿ ಖುಷಿ. ಏಳು ವರ್ಷ ಕಳೆದು, 1982ರ ಡಿಸೆಂಬರ್ 1ರಂದು ದೆಹಲಿ ಏಷ್ಯನ್ ಗೇಮ್ಸ್ ಫೈನಲ್ಲಿನಲ್ಲಿ ಅದೇ ಪಾಕಿಸ್ತಾನದ ಎದುರು 1–7. ದೇಶಕ್ಕೆ ಬಣ್ಣದ ಟೀವಿ ಬಂದ ವರ್ಷ ಅದು. ಸೋಲೂ ಬಣ್ಣದಲ್ಲೇ ಕಾಣಿಸಿತು. ಗೋಲಿನಲ್ಲಿ ನಿಂತಿದ್ದ ಮೀರ್ ರಂಜನ್ ನೇಗಿಯನ್ನು ಜನ ದುಡ್ಡು ತಿಂದ ದ್ರೋಹಿ ಅಂದರು. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸಿನಲ್ಲಿ ಭಾರತ ಚಿನ್ನ ಗೆದ್ದಾಗ ಗೋಲ್‌ಕೀಪರುಗಳಿಗೆ ಪಾಠ ಹೇಳಿಕೊಟ್ಟವರು ಇದೇ ನೇಗಿ. ಆ ಹದಿನಾರು ವರ್ಷಗಳ ಬಡ್ಡಿಯನ್ನು ಬೈದವರು ಯಾರೂ ಕಟ್ಟಿಕೊಡಲಿಲ್ಲ.

ಅಭಿಮಾನಿ ಅನ್ನುವ ಪದದಲ್ಲೇ ಅಭಿಮಾನ ಇದೆ. ಅದು ಕೆಟ್ಟದ್ದಲ್ಲ. ಊರು, ಕೇರಿ, ದೇಶ ಅಂತ ಇಲ್ಲದೆ ಆಟ ನೋಡೋದರಲ್ಲಿ ಉಪ್ಪಿರಲ್ಲ. ಹೋಬಳಿ ಕಬಡ್ಡಿಯಲ್ಲೇ ಪಾಯಿಂಟು ಯಾರದು ಅಂತ ಎರಡು ಊರಿನವರು ತೋಳು ಮಡಚೋದುಂಟು. ಆದರೆ ಭರ್ಜಿಯಲ್ಲಿ ತಕರಾರಿಗೆ ಜಾಗವೇ ಕಡಿಮೆ. ಯಾರೂ ಯಾರನ್ನೂ ಹಿಡಿದು ಕೆಡವೋದಿಲ್ಲ. ತನ್ನ ಸರದಿ ಬಂದಾಗ ಎಸಿ, ಟೇಪು ಹೇಳಿದ್ದು ಕೇಳು. ಎದುರಾಳಿ ಚೆನ್ನಾಗಿ ಎಸೆದರೆ ಇವನು ಇನ್ನೂ ಚೆನ್ನಾಗಿ ಎಸೆಯಬೇಕಾಗುತ್ತೆ, ಅಷ್ಟೇ. ಪತಿರಗೆಯ 84.34 ಆದ ಮೇಲೆಯೇ ನೀರಜ್‌ರ 86.18 ಬಂದದ್ದು ಅನ್ನೋದನ್ನು ಮರೆಯಬಾರದು.

ಎಮ್ಮೆ ಉಡುಗೊರೆ

ಹೈನು, ರೇಷ್ಮೆ ನಂಬಿದ ಸೀಮೆಗೆ ಅರ್ಷದ್ ನದೀಮ್ ಕತೆಯಲ್ಲಿ ಅರ್ಥವಾಗದ್ದು ಒಂದೂ ಇಲ್ಲ. ಪಂಜಾಬಿನ ಮಿಯಾನ್ ಚನ್ನು ಕಡೆಯ ಹಳ್ಳಿಯವರು, ಅಪ್ಪ ಗಾರೆ ಕೆಲಸದವರು. ಮಗನ ತರಬೇತಿಗೆ, ಓಡಾಟಕ್ಕೆ ಊರಿನವರು, ನೆಂಟರು ಸೇರಿಸಿ ದುಡ್ಡು ಕೊಟ್ಟರು ಅಂತ ಅಪ್ಪನೇ ಹೇಳಿದ್ದಾರೆ. ಪ್ಯಾರಿಸ್ಸಿಗೆ ಕೆಲವೇ ತಿಂಗಳ ಮುಂಚೆ ಅವರ ಹತ್ತಿರ ಸರಿಯಾದ ಹೊಸ ಭರ್ಜಿ ಇರಲಿಲ್ಲ. ಅಂಥ ಆಟಗಾರನಿಗೆ ಭರ್ಜಿಗೂ ಗತಿಯಿಲ್ಲವೇ ಅಂತ ಬಹಿರಂಗವಾಗಿ ಕೇಳಿದವರಲ್ಲಿ ನೀರಜ್ ಚೋಪ್ರಾ ಒಬ್ಬರು. ಚಿನ್ನ ಗೆದ್ದು ಬಂದಾಗ ಮಾವನವರು ಕೊಟ್ಟದ್ದು ಒಂದು ಎಮ್ಮೆ. ಅವರ ಸೀಮೆಯಲ್ಲಿ ಅದು ದೊಡ್ಡ ಮರ್ಯಾದೆ. ಕೈಲಾಂಚ ಕಡೆಯೂ ಕರೆಯುವ ಎಮ್ಮೆ ಕೊಟ್ಟರೆ ಯಾರೂ ಬೇಡ ಅನ್ನೋದಿಲ್ಲ.

ಯೇಗೊ ಕತೆ ಇನ್ನೂ ಹತ್ತಿರದ್ದು. ಕೀನ್ಯಾ ಅಂದರೆ ದೂರದ ಓಟ. ಅಲ್ಲಿ ಭರ್ಜಿ ಕಲಿಸೋರು ಸಿಗೋದು ಕಷ್ಟ. ಹುಡುಗ ಮರದ ಕೋಲು ಕೆತ್ತಿ ಎಸೆದ. ಆಮೇಲೆ ಸೈಬರ್ ಕೆಫೆಗೆ ಹೋಗಿ ಯೂಟ್ಯೂಬಿನಲ್ಲಿ ದೊಡ್ಡವರ ಎಸೆತ ನೋಡಿ ನೋಡಿ ಕಲಿತ. 2015ರಲ್ಲಿ ಬೀಜಿಂಗಿನಲ್ಲಿ 92.72 ಮೀಟರ್ ಎಸೆದು ವಿಶ್ವ ಚಾಂಪಿಯನ್ ಆದ. ಮುಂದಿನ ವರ್ಷ ರಿಯೊದಲ್ಲಿ ಬೆಳ್ಳಿ. ಅವನು ನೋಡಿ ಕಲಿತವರಲ್ಲಿ ಒಬ್ಬರು ಝೆಕ್ ದೇಶದ ಯಾನ್ ಝೆಲೆಜ್ನಿ. 1996ರಲ್ಲಿ ಝೆಲೆಜ್ನಿ ಎಸೆದ 98.48 ಮೀಟರನ್ನು ಇಷ್ಟು ವರ್ಷವಾದರೂ ಯಾರೂ ದಾಟಿಲ್ಲ. ಅದೇ ಝೆಲೆಜ್ನಿಯನ್ನೇ ನೀರಜ್ 2024ರ ಕೊನೆಗೆ ಕೋಚ್ ಮಾಡಿಕೊಂಡರು. ಅಂದರೆ ಕಂಠೀರವದಲ್ಲಿ ಒಂದನೇ ಜಾಗ, ಎರಡನೇ ಜಾಗ ಎರಡೂ ಒಬ್ಬನೇ ಗುರುವಿನ ಮಕ್ಕಳಿಗೆ. ಒಬ್ಬರು ಎದುರು ನಿಂತು ಕಲಿತವರು, ಇನ್ನೊಬ್ಬರು ಏಕಲವ್ಯ. ಪುಣ್ಯಕ್ಕೆ ಈ ಏಕಲವ್ಯನ ಹೆಬ್ಬೆರಳನ್ನು ಯಾರೂ ಕೇಳಲಿಲ್ಲ.

ಇವತ್ತು ಮೊಬೈಲು ಇಲ್ಲದ ಹಳ್ಳಿಯಿಲ್ಲ. ಹಾಗಿದ್ದ ಮೇಲೆ ಯೇಗೊ ನೋಡಿದ ಪಾಠ ಹೋಬಳಿಯ ಹುಡುಗನಿಗೂ ಬಿಟ್ಟಿಯಾಗಿಯೇ ಸಿಗುತ್ತೆ. ಸಿಗದಿರೋದು ಎಸೆಯೋದಕ್ಕೆ ಎಂಬತ್ತು ಮೀಟರಿನ ಖಾಲಿ ಜಾಗ, ಕೈ ತಿದ್ದುವ ಮೇಷ್ಟ್ರು, ಮತ್ತೆ ತಾಳ ಹಾಕುವ ಜನ. ಮೊದಲ ಎರಡಕ್ಕೆ ಸರ್ಕಾರ ದುಡ್ಡು ಬಿಚ್ಚಬೇಕು, ಅರ್ಜಿ ಕೊಟ್ಟು ಕಾಯಬೇಕು. ಮೂರನೆಯದಕ್ಕೆ ಖರ್ಚಿಲ್ಲ. ಕಬಡ್ಡಿಯ ಗೋಡೆಯಿಂದ ಹತ್ತು ಜನ ಎದ್ದು, ಅಪಾಯವಿಲ್ಲದ ದೂರದಲ್ಲಿ ಬಂದು ನಿಂತರೆ ಸಾಕು. ಪಕ್ಕದೂರಿನ ಹುಡುಗ ಎಸೆಯುವಾಗಲೂ ಅಲ್ಲೇ ನಿಂತಿದ್ದರೆ ಇನ್ನೂ ಚೆಂದ.

ಜುಲೈ 5ರ ಜನಕ್ಕೆ ಅದರ ಲಾಭ ಎರಡೇ ತಿಂಗಳಲ್ಲಿ ಸಿಕ್ಕಿತು. 2025ರ ಸೆಪ್ಟೆಂಬರ್ 18ರಂದು ಟೋಕಿಯೊದಲ್ಲಿ ವಿಶ್ವ ಅಥ್ಲೆಟಿಕ್ಸ್ ಫೈನಲ್. ನೀರಜ್ 84.03ಕ್ಕೆ ಎಂಟನೆಯವರು, ಅರ್ಷದ್ ಹತ್ತನೆಯವರು. ನೀರಜ್‌ಗಾಗಿ ಮಾತ್ರ ಟೀವಿ ಹಾಕಿದ್ದವರು ಮಧ್ಯದಲ್ಲೇ ಆರಿಸಿ ಎದ್ದಿರಬೇಕು. ಕಂಠೀರವದಲ್ಲಿ ಕೂತಿದ್ದವರಿಗೆ ಮಾತ್ರ ಮೈದಾನದ ತುಂಬಾ ಪರಿಚಿತ ಮುಖಗಳು. ಬೆಂಗಳೂರಿನಲ್ಲಿ ನೀರಜ್ ಹಿಂದೆ ಬಿದ್ದಿದ್ದ ಯೇಗೊ, ಪತಿರಗೆ ಇಬ್ಬರೂ ಅಲ್ಲಿ ನೀರಜ್‌ರನ್ನು ಹಿಂದೆ ಹಾಕಿದರು. ಬೆಂಗಳೂರಿನಲ್ಲಿ ಎಸೆದಿದ್ದ ಉತ್ತರ ಪ್ರದೇಶದ ಸಚಿನ್ ಯಾದವ್ 86.27 ಎಸೆದು ನಾಲ್ಕನೆಯವರಾದರು. ಕಂಚಿಗೂ ಅವರಿಗೂ ನಡುವೆ 40 ಸೆಂಟಿಮೀಟರ್, ಒಂದು ಮೊಳಕ್ಕಿಂತ ಕಡಿಮೆ. ಆ ಕಂಚು ಹೋದದ್ದು ಅಮೆರಿಕದ ಕರ್ಟಿಸ್ ಥಾಂಪ್ಸನ್‌ಗೆ. ಜುಲೈ 5ರಂದು ಕಂಠೀರವದ ಅದೇ ಓಟದ ದಾರಿಯಲ್ಲಿ ನಿಂತು ಎಸೆದ 12 ಜನರಲ್ಲಿ ಅವರೂ ಒಬ್ಬರು.