ಬಡೇಸೋಪಿನ ಗುಣ ತಿಳಿಯೋಣ, ಕೂಸಿಗೆ ಕೊಡುವ ಮುನ್ನ ಯೋಚಿಸೋಣ



ಹನುಮನಹಳ್ಳಿಯಲ್ಲಿ ಊಟ ಮುಗಿದ ಮೇಲೆ ಚಿಟಿಕೆ ಬಡೇಸೋಪು ಬಾಯಿಗೆ ಹಾಕಿಕೊಳ್ಳುವುದು ನಮಗೆಲ್ಲ ಗೊತ್ತು. ಕೂಸು ಅತ್ತರೆ, "ಹೊಟ್ಟಿ ಉಬ್ಬೈತಿ, ಒಂದು ಚಮಚ ಬಡೇಸೋಪಿನ ನೀರು ಕುಡಸವ್ವ" ಅನ್ನುವ ಹಿರಿಯರೂ ಇದ್ದಾರೆ. ಇದರಲ್ಲಿ ಯಾವುದು ಸರಿ, ಎಲ್ಲಿ ಎಚ್ಚರ ಬೇಕು? ಈ ಸಲ ತಿಳಿಯೋಣ.

ಇದರೊಳಗೆ ಏನಿದೆ?

ಸೋಂಪು ಎಂದೂ ಕರೆಯುವ ಇದು ಜೀರಿಗೆ, ಕೊತ್ತಂಬರಿ, ಅಜವಾನ, ಸಬ್ಬಸಿಗೆಗಳ ಕುಟುಂಬದ್ದು. ನಮ್ಮ ದೇಶದಲ್ಲಿ ಗುಜರಾತ್ ಮತ್ತು ರಾಜಸ್ಥಾನದಲ್ಲಿ ಹೆಚ್ಚು ಬೆಳೆಯುತ್ತಾರೆ. ನಾವು ಕಾಳು ಅನ್ನುವುದು ನಿಜವಾಗಿ ಒಣಗಿದ ಕಾಯಿ. ಅದರಲ್ಲಿ ಸುಮಾರು ಶೇ. 2ರಿಂದ 6ರಷ್ಟು ಆವಿಯಾಗುವ ಎಣ್ಣೆ ಇರುತ್ತದೆ. ಘಮವೆಲ್ಲ ಅದರದ್ದೇ. ಎಣ್ಣೆಯ ಹೆಚ್ಚಿನ ಪಾಲು ಅನೆಥೋಲ್. ಸಿಹಿ ರುಚಿ ಕೊಡುವುದು ಇದೇ. ಸ್ವಲ್ಪ ಕಹಿಯಾದ ಫೆಂಕೋನ್, ಅತಿ ಸ್ವಲ್ಪ ಎಸ್ಟ್ರಗೋಲ್ ಕೂಡ ಇರುತ್ತವೆ. ಅಜವಾನ ಖಾರವಾಗಿರುವುದು ಅದರಲ್ಲಿ ಥೈಮೋಲ್ ಇರುವುದರಿಂದ. ಕುಟುಂಬ ಒಂದೇ, ಗುಣ ಬೇರೆ.

ದೊಡ್ಡವರಿಗೆ ಹೇಗೆ ಉಪಯೋಗ?

ಅನೆಥೋಲ್ ಕರುಳಿನ ಸ್ನಾಯುಗಳ ಬಿಗಿತ ಸಡಿಲಿಸುತ್ತದೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ಹೊಟ್ಟೆ ಉಬ್ಬರ, ಸಣ್ಣ ನುಲಿತಕ್ಕೆ ಜನ ಇದನ್ನು ಬಳಸುತ್ತ ಬಂದಿರುವುದು ಇದಕ್ಕೇ. ಮಾಡುವ ವಿಧಾನ ಹೀಗೆ:

1. ಒಂದು ಸಣ್ಣ ಚಮಚ ಬಡೇಸೋಪನ್ನು ಆಗಲೇ ಕುಟ್ಟಿಕೊಳ್ಳಿ. ಮೊದಲೇ ಪುಡಿ ಮಾಡಿಟ್ಟರೆ ಎಣ್ಣೆ ಹಾರಿಹೋಗುತ್ತದೆ.
2. ದೊಡ್ಡ ಲೋಟ ಕುದಿಯುವ ನೀರು ಹಾಕಿ, ತಪ್ಪದೇ ಮುಚ್ಚಳ ಮುಚ್ಚಿ. ಹಬೆಯ ಜೊತೆ ಗುಣವೂ ಹೋಗದಿರಲಿ.
3. ಹದಿನೈದು ನಿಮಿಷ ಬಿಟ್ಟು ಸೋಸಿ ಕುಡಿಯಿರಿ.

ಎರಡು ವಾರಕ್ಕಿಂತ ಹೆಚ್ಚು ದಿನ ತೊಂದರೆ ಇದ್ದರೆ ಕಷಾಯ ನಂಬಿ ಕೂರಬೇಡಿ, ವೈದ್ಯರಿಗೆ ತೋರಿಸಿ.

ಕೂಸಿಗೆ ಯಾಕೆ ಬೇಡ?

2003ರಲ್ಲಿ ಪ್ರಕಟವಾದ ರಷ್ಯಾದ ಒಂದು ಅಧ್ಯಯನದಲ್ಲಿ, ಅಳತೆ ಮಾಡಿ ಕೊಟ್ಟ ಬಡೇಸೋಪಿನ ಎಣ್ಣೆಯ ಔಷಧದಿಂದ ಹಲವು ಕೂಸುಗಳ ಅಳು ಕಡಿಮೆಯಾಗಿತ್ತು. ಆದರೆ ನಾವು ಮನೆಯಲ್ಲಿ ಕುದಿಸುವ ನೀರಿಗೆ ಅಂಥ ಅಳತೆ ಇಲ್ಲ. ಕೂಸಿನ ಹೊಟ್ಟೆ ಪುಟ್ಟದು. ನೀರು ತುಂಬಿದರೆ ಎದೆಹಾಲು ಕಡಿಮೆ ಕುಡಿಯುತ್ತದೆ. ನೀರು, ಚಮಚ ಶುದ್ಧವಿಲ್ಲದಿದ್ದರೆ ಭೇದಿ ಶುರುವಾಗುತ್ತದೆ. ಅದಕ್ಕೇ ಆರು ತಿಂಗಳವರೆಗೆ ಎದೆಹಾಲು ಮಾತ್ರ, ಬರೀ ನೀರೂ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಎಸ್ಟ್ರಗೋಲನ್ನು ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ಇಲಿಗಳ ಯಕೃತ್ತಿಗೆ ಹಾನಿಯಾಗಿದೆ. ಆದ್ದರಿಂದ ಬಸುರಿಯರು, ಬಾಣಂತಿಯರು, ಸಣ್ಣ ಮಕ್ಕಳು ಕಷಾಯವನ್ನಾಗಲಿ ಎಣ್ಣೆಯನ್ನಾಗಲಿ ಔಷಧವೆಂದು ತೆಗೆದುಕೊಳ್ಳುವುದು ಬೇಡ. ಅಡುಗೆಗೆ ಹಾಕುವ ಚಿಟಿಕೆಗೆ ಹೆದರಬೇಕಿಲ್ಲ. ಹಾಲು ಹೆಚ್ಚಬೇಕೆಂದರೆ ಕೂಸಿಗೆ ಪದೇ ಪದೇ ಹಾಲುಣಿಸಿ. ಕೂಸು ಚೀಪಿದಷ್ಟೂ ಹಾಲು ಬರುತ್ತದೆ.

ಕೂಸು ಅತ್ತರೆ ಹಾಲುಣಿಸಿ, ಹೆಗಲಿಗೆ ಹಾಕಿ ಬೆನ್ನು ಸವರಿ ತೇಗಿಸಿ. ಜ್ವರ, ವಾಂತಿ, ಭೇದಿ ಇದ್ದರೆ ಅಥವಾ ಹಾಲು ಬಿಟ್ಟರೆ ತಡಮಾಡದೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಇದನ್ನು ಓದಿ ಹೇಳೋಣ. ಮನೆಯ ಅತ್ತೆ, ಅಜ್ಜಿಯರನ್ನೂ ಕರೆಯೋಣ. ಅವರ ಪ್ರೀತಿಗೆ ನಮ್ಮ ತಿಳಿವಳಿಕೆ ಸೇರಿದರೆ ಕೂಸು ಚೆನ್ನಾಗಿರುತ್ತದೆ.