ಇಬ್ಬರು ಹುತಾತ್ಮರು, ಒಂದೇ ತಾರೀಖು

ಫೆಬ್ರವರಿ ಎರಡನೆಯ ವಾರ ಬಂತೆಂದರೆ ಮೈಸೂರಿನ ಕಾಲೇಜುಗಳ ಆವರಣದಲ್ಲಿ ಪಿಸುಮಾತು, ಮನೆಗಳಲ್ಲಿ ಆತಂಕ. ವಾರ್ಷಿಕ ಪರೀಕ್ಷೆ ಬೇರೆ ಹತ್ತಿರದಲ್ಲಿರುತ್ತದೆ. ‘ಇದೆಂಥ ಹಬ್ಬ?’ ಎಂದು ಅಪ್ಪ ಕೇಳಿದರೆ, ‘ಯಾರೋ ಸಂತನ ಹೆಸರಿನ ದಿನವಂತೆ’ ಎಂಬ ಉತ್ತರ ಬರುತ್ತದೆ. ಆ ಸಂತ ಯಾರು, ಪ್ರೇಮಕ್ಕೂ ಅವನಿಗೂ ಏನು ಸಂಬಂಧ ಎಂದರೆ ಮಕ್ಕಳೂ ಸುಮ್ಮನಾಗುತ್ತಾರೆ, ದೊಡ್ಡವರೂ ಸುಮ್ಮನಾಗುತ್ತಾರೆ.

ವ್ಯಾಲೆಂಟೈನ್ ಎಂಬ ಆ ಸಂತನ ಕಥೆಗೆ ಹತ್ತಿರವಾದ ಇನ್ನೊಂದು ಕಥೆ ಮೈಸೂರಿನಲ್ಲೇ ಇದೆ. ಅಶೋಕ ರಸ್ತೆಯಲ್ಲಿ 175 ಅಡಿ ಎತ್ತರದ ಜೋಡಿ ಗೋಪುರಗಳನ್ನು ಹೊತ್ತು ನಿಂತಿರುವ ಚರ್ಚು ಯಾರ ಹೆಸರಿನದೋ, ಆ ಫಿಲೋಮಿನಾಳ ಕಥೆ ಅದು.

ಮೂರು ಹಂಚು, ಒಂದು ಹೆಸರು

1802ರ ಮೇ ತಿಂಗಳು. ರೋಮ್ ನಗರದ ಪ್ರಿಸ್ಸಿಲ್ಲಾ ಎಂಬ ನೆಲದಡಿಯ ಸಮಾಧಿ ಸುರಂಗಗಳಲ್ಲಿ ಮೂರು ಸುಟ್ಟ ಮಣ್ಣಿನ ಹಂಚುಗಳಿಂದ ಮುಚ್ಚಿದ ಗೂಡೊಂದು ಸಿಕ್ಕಿತು. ಒಳಗೆ ಹದಿಹರೆಯದ ಹುಡುಗಿಯ ಎಲುಬುಗಳು, ಪಕ್ಕದಲ್ಲಿ ಒಂದು ಗಾಜಿನ ಕುಪ್ಪಿ. ಹಂಚುಗಳ ಮೇಲೆ ಲ್ಯಾಟಿನ್ ಅಕ್ಷರಗಳಿದ್ದವು. ಇದ್ದ ಕ್ರಮದಲ್ಲಿ ಓದಿದರೆ ‘ಲುಮೆನಾ – ಪಾಕ್ಸ್ ತೆ – ಕುಂ ಫಿ’, ಅರ್ಥವಿಲ್ಲ. ಮೊದಲನೆಯ ಹಂಚನ್ನು ಕೊನೆಗಿಟ್ಟು ಓದಿದಾಗ ‘ಪಾಕ್ಸ್ ತೆಕುಂ ಫಿಲುಮೆನಾ’ ಎಂದಾಯಿತು. ‘ಫಿಲುಮೆನಾ, ನಿನಗೆ ಶಾಂತಿ ಇರಲಿ’ ಎಂದು ಅದರ ಅರ್ಥ. ಅಕ್ಷರಗಳ ನಡುವೆ ಲಂಗರು, ಬಾಣ, ತಾಳೆಗರಿಯ ಚಿತ್ರಗಳೂ ಇದ್ದವು.

1805ರಲ್ಲಿ ಈ ಅವಶೇಷಗಳು ಇಟಲಿಯ ಮುನ್ಯಾನೊ ಎಂಬ ಊರಿಗೆ ಹೋದವು. ಅಲ್ಲಿ ಪವಾಡಗಳು ನಡೆದವೆಂಬ ಸುದ್ದಿ ಹರಡಿತು. 1833ರಲ್ಲಿ ಮರಿಯಾ ಲೂಯಿಸಾ ಎಂಬ ಸನ್ಯಾಸಿನಿ, ತನಗೆ ದರ್ಶನದಲ್ಲಿ ತಿಳಿಯಿತೆಂದು ಇಡೀ ಜೀವನಕಥೆಯನ್ನೇ ಹೇಳಿದರು. ಅದರಂತೆ ಫಿಲೋಮಿನಾ ಗ್ರೀಸಿನ ರಾಜಕುಮಾರಿ. ಹದಿಮೂರರ ಪ್ರಾಯದಲ್ಲಿ ತಂದೆ-ತಾಯಿಯ ಜೊತೆ ರೋಮಿಗೆ ಬಂದಾಗ ಚಕ್ರವರ್ತಿ ಡಯೋಕ್ಲೀಷಿಯನ್ ಅವಳನ್ನು ಮದುವೆಯಾಗಲು ಬಯಸಿದ. ಹೆತ್ತವರು ಅಂಗಲಾಚಿದರೂ ಹುಡುಗಿ ಒಪ್ಪಲಿಲ್ಲ. ಚಾವಟಿಯಿಂದ ಹೊಡೆಸಿದರು, ಕೊರಳಿಗೆ ಲಂಗರು ಕಟ್ಟಿ ನದಿಗೆ ಎಸೆದರು, ಬಾಣ ಬಿಟ್ಟರು, ಕೊನೆಗೆ ತಲೆ ಕಡಿದರು.

ಲಂಗರು, ಬಾಣ ಎರಡೂ ಹಂಚಿನ ಮೇಲಿದ್ದ ಚಿತ್ರಗಳೇ ಅಲ್ಲವೆ? ನಮ್ಮ ಹಳ್ಳಿಗಳಲ್ಲಿ ವೀರಗಲ್ಲಿನ ಮೇಲಿನ ಬಿಲ್ಲು-ಬಾಣ, ಕುದುರೆ ನೋಡಿ ಹಿರಿಯರು ಕಥೆ ಹೇಳುವಂತೆ ಇಲ್ಲೂ ಚಿತ್ರಗಳ ಸುತ್ತ ಕಥೆ ಬೆಳೆಯಿತು ಎನ್ನುತ್ತಾರೆ ವಿಮರ್ಶಕರು. ಆದಿ ಕ್ರೈಸ್ತರಿಗೆ ಲಂಗರು ಭರವಸೆಯ ಗುರುತಾಗಿತ್ತು. ಅನೇಕ ಸಮಾಧಿಗಳ ಮೇಲೆ ಅದನ್ನು ಕಾಣಬಹುದು.

ಮೈಸೂರಿಗೆ ಬಂದದ್ದು

ಫ್ರಾನ್ಸಿನಲ್ಲಿ ಫಿಲೋಮಿನಾ ಭಕ್ತಿ ಬಲವಾಗಿ ಬೇರೂರಿತ್ತು. ಆರ್ಸ್ ಎಂಬ ಹಳ್ಳಿಯ ಹೆಸರಾಂತ ಪಾದ್ರಿ ಜಾನ್ ವಿಯಾನ್ನಿ ಅವಳ ಪರಮಭಕ್ತರಾಗಿದ್ದರು. ಮೈಸೂರು ಸೀಮೆಯಲ್ಲಿ ದುಡಿಯುತ್ತಿದ್ದ ಪಾದ್ರಿಗಳಲ್ಲಿ ಅನೇಕರು ಫ್ರೆಂಚರು.

ಮೈಸೂರಿನಲ್ಲಿ 1843ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ್ದ ಚಿಕ್ಕ ಚರ್ಚೊಂದಿತ್ತು. 1926ರಲ್ಲಿ ಮಹಾರಾಜರ ಹುಜೂರ್ ಕಾರ್ಯದರ್ಶಿಯಾಗಿದ್ದ ತಂಬುಚೆಟ್ಟಿಯವರು ಪೋಪರ ಪ್ರತಿನಿಧಿ ಪಿಸಾನಿಯವರಿಂದ ಫಿಲೋಮಿನಾಳ ಅವಶೇಷದ ತುಣುಕೊಂದನ್ನು ಪಡೆದು ಫಾದರ್ ಕೊಶೆಯವರಿಗೆ ಒಪ್ಪಿಸಿದರು. ಫಾದರ್ ನಾಲ್ವಡಿ ಕೃಷ್ಣರಾಜ ಒಡೆಯರ ಸಹಾಯ ಕೋರಿದರು. 1933ರ ಅಕ್ಟೋಬರ್ 28ರಂದು ಮಹಾರಾಜರೇ ಹೊಸ ಚರ್ಚಿನ ಅಡಿಗಲ್ಲು ಇಟ್ಟರು. ಜರ್ಮನಿಯ ಕೊಲೋನ್ ನಗರದ ಪ್ರಧಾನ ಚರ್ಚಿನ ಗಾಥಿಕ್ ಮಾದರಿಯನ್ನು ನೆನಪಿಸುವ ಕಟ್ಟಡ ಮೇಲೆದ್ದಿತು. ನೆಲಮಾಳಿಗೆಯಲ್ಲಿ ಅವಶೇಷ ಹಾಗೂ ಫಿಲೋಮಿನಾಳ ಪ್ರತಿಮೆ ಇವೆ. ಅವಳ ಹೆಸರಿನಲ್ಲೇ 1946ರಲ್ಲಿ ಕಾಲೇಜೂ ಆರಂಭವಾಯಿತು.

ವ್ಯಾಲೆಂಟೈನ್ ಎಂಬಾತ

ಈಗ ವ್ಯಾಲೆಂಟೈನನ ಕಡೆ ತಿರುಗೋಣ. ಈ ಹೆಸರಿನ ಹುತಾತ್ಮರು ಒಬ್ಬರಲ್ಲ. ಒಬ್ಬ ರೋಮಿನ ಪಾದ್ರಿ, ಇನ್ನೊಬ್ಬ ತೆರ್ನಿ ಪಟ್ಟಣದ ಬಿಷಪ್. ಇಬ್ಬರನ್ನೂ ಮೂರನೆಯ ಶತಮಾನದಲ್ಲಿ ಫ್ಲಾಮಿನಿಯಾ ಹೆದ್ದಾರಿಯ ಬಳಿ ಹೂಳಿದರೆಂಬುದು ಪ್ರತೀತಿ. ಇಬ್ಬರೂ ಒಬ್ಬನೇ ಇರಬಹುದೆಂಬ ವಾದವೂ ಇದೆ. ಚಕ್ರವರ್ತಿ ಎರಡನೆಯ ಕ್ಲಾಡಿಯಸ್ ಸೈನಿಕರ ಮದುವೆ ನಿಷೇಧಿಸಿದ, ವ್ಯಾಲೆಂಟೈನ್ ಗುಟ್ಟಾಗಿ ಮದುವೆ ಮಾಡಿಸಿ ಸಿಕ್ಕಿಬಿದ್ದ ಎಂಬುದು ಜನಪ್ರಿಯ ಕಥೆ. ಅಂಥ ನಿಷೇಧಕ್ಕೆ ಇತಿಹಾಸದಲ್ಲಿ ಆಧಾರ ಸಿಕ್ಕಿಲ್ಲ. ಹಳೆಯ ವೃತ್ತಾಂತಗಳಲ್ಲಿ ಅವನು ಕುರುಡು ಬಾಲಕಿಗೆ ಕಣ್ಣು ಬರಿಸಿದ ಪ್ರಸಂಗವಿದೆ. ಅವಳಿಗೆ ಓಲೆ ಬರೆದ ಮಾತು ಆಮೇಲೆ ಸೇರಿದ್ದು. ಪ್ರೇಮದ ನಂಟನ್ನು ಮೊದಲು ಸ್ಪಷ್ಟವಾಗಿ ಕಾಣುವುದು 14ನೆಯ ಶತಮಾನದ ಇಂಗ್ಲಿಷ್ ಕವಿ ಚಾಸರನಲ್ಲಿ. ಅವನ ಕಾವ್ಯದಲ್ಲಿ ಹಕ್ಕಿಗಳು ಆ ಸಂತನ ದಿನ ಜೋಡಿ ಆರಿಸಿಕೊಳ್ಳುತ್ತವೆ.

ಇಬ್ಬರು ಸಂತರ ನಡುವೆ ಬೇರೆ ನಂಟುಗಳೂ ಇವೆ. ವ್ಯಾಲೆಂಟೈನನದೆಂದು ಹೇಳುವ ಅವಶೇಷಗಳನ್ನು ಪೋಪ್ 16ನೆಯ ಗ್ರೆಗರಿ 1836ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರಕ್ಕೆ ಕೊಟ್ಟರು. ಮರುವರ್ಷವೇ ಫಿಲೋಮಿನಾಳ ಹಬ್ಬದ ಆಚರಣೆಗೆ ಒಪ್ಪಿಗೆ ಕೊಟ್ಟವರೂ ಅವರೇ.

ಕ್ಯಾಲೆಂಡರಿನಿಂದ ಹೊರಕ್ಕೆ

20ನೆಯ ಶತಮಾನದ ಆರಂಭದಲ್ಲಿ ಪುರಾತತ್ವಜ್ಞ ಓರಾಜಿಯೊ ಮರುಕ್ಕಿ ಫಿಲೋಮಿನಾಳ ಹಂಚುಗಳನ್ನು ಪರೀಕ್ಷಿಸಿದರು. ಬರಹ ಹಳೆಯದು, ಅದೇ ಹಂಚನ್ನು ಮುಂದೆ ಬೇರೊಬ್ಬರ ಸಮಾಧಿಗೆ ಮತ್ತೆ ಬಳಸಿದ್ದಾರೆ, ಆದ್ದರಿಂದಲೇ ಅಕ್ಷರಗಳು ಹಿಂದುಮುಂದಾಗಿವೆ ಎಂಬುದು ಅವರ ವಾದ. ಅದು ನಿಜವಾದರೆ ಹೆಸರು ಒಬ್ಬರದು, ಎಲುಬು ಇನ್ನೊಬ್ಬರದು! ಭಕ್ತರು ಇದನ್ನು ಒಪ್ಪುವುದಿಲ್ಲ.

ಕೊನೆಗೆ ವ್ಯಾಟಿಕನ್ ಫಿಲೋಮಿನಾಳ ಹೆಸರನ್ನು ಪೂಜಾ ಕ್ಯಾಲೆಂಡರುಗಳಿಂದ ತೆಗೆಯಲು ಆದೇಶಿಸಿತು. ಆ ಆದೇಶದ ದಿನ 1961ರ ಫೆಬ್ರವರಿ 14! ಎಂಟು ವರ್ಷದ ನಂತರ, 1969ರಲ್ಲಿ, ವ್ಯಾಲೆಂಟೈನನ ಹಬ್ಬವೂ ಸಾರ್ವತ್ರಿಕ ಕ್ಯಾಲೆಂಡರಿನಿಂದ ಹೊರಬಿತ್ತು. ಹುತಾತ್ಮರ ಪಟ್ಟಿಯಲ್ಲಿ ಮಾತ್ರ ಹೆಸರು ಉಳಿಯಿತು. ಆದರೆ ಖಾಸಗಿ ಭಕ್ತಿಗೆ ಯಾರೂ ಅಡ್ಡಿ ಮಾಡಲಿಲ್ಲ. ಅಶೋಕ ರಸ್ತೆಯ ಚರ್ಚಿಗೆ ಎಲ್ಲ ಮತದವರೂ ಬಂದು ಮೇಣದ ಬತ್ತಿ ಹಚ್ಚುತ್ತಾರೆ.

ಹಾಗಾದರೆ ಮಕ್ಕಳು ‘ಇದು ನಿಜವೇ?’ ಎಂದು ಕೇಳಿದರೆ ಏನು ಹೇಳಬೇಕು? ಹಂಚು ನಿಜ, ಎಲುಬು ನಿಜ, ಕಥೆ ನಂಬಿಕೆ ಎನ್ನಬಹುದು. ಮಹಿಷಾಸುರನ ಕಥೆಯಿಂದ ಹೆಸರು ಪಡೆದ ಊರಿನವರಿಗೆ ಈ ವ್ಯತ್ಯಾಸ ಹೊಸದೇನಲ್ಲ.

ಇನ್ನೊಂದು ಮಾತನ್ನೂ ಹೇಳಬೇಕು. ಎರಡು ಕಥೆಗಳಲ್ಲೂ ಇರುವುದು ಮದುವೆಯ ವಿಷಯ. ಒಪ್ಪಿ ಬಂದವರಿಗೆ ಒಬ್ಬಾತ ಮದುವೆ ಮಾಡಿಸಿದ. ಒಪ್ಪದ ಮದುವೆಗೆ ಒಬ್ಬಳು ‘ಆಗದು’ ಎಂದಳು. ಹದಿಮೂರರ ಹುಡುಗಿಯನ್ನು ಮುದುಕನಿಗೆ ಕೊಡುವುದು ರೋಮಿನ ಸಂಗತಿ ಮಾತ್ರವಲ್ಲ. ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನೂ, ಹದಿನಾಲ್ಕು ತುಂಬದವರನ್ನು ಐವತ್ತು ದಾಟಿದವರಿಗೆ ಕೊಡುವುದನ್ನೂ ಮೈಸೂರು ಸಂಸ್ಥಾನ 1894ರಲ್ಲೇ ಕಾನೂನು ತಂದು ನಿಷೇಧಿಸಬೇಕಾಯಿತು. ಇಂದು ಹದಿನೆಂಟು ತುಂಬದೆ ಹೆಣ್ಣಿನ ಮದುವೆ ಮಾಡುವಂತಿಲ್ಲ. ಆದರೂ ಪರೀಕ್ಷೆ ಬರೆಯಬೇಕಾದ ಹುಡುಗಿಯರನ್ನು ಹಸೆಮಣೆಗೆ ಕೂರಿಸುವ ಪ್ರಯತ್ನಗಳು ನಿಂತಿಲ್ಲ.

ಗುಲಾಬಿ ಕೊಡುವ ಹುಡುಗನೂ ‘ಬೇಡ’ ಎಂಬ ಮಾತನ್ನು ಗೌರವಿಸಲು ಕಲಿಯಬೇಕು, ಗಂಡು ಗೊತ್ತುಮಾಡುವ ಹೆತ್ತವರೂ ಕಲಿಯಬೇಕು. ಫೆಬ್ರವರಿ 14ರಂದು ಮನೆಯಲ್ಲಿ ಜಗಳವಾಡುವ ಬದಲು ಮಕ್ಕಳೂ ಹಿರಿಯರೂ ಒಮ್ಮೆ ಅಶೋಕ ರಸ್ತೆಗೆ ಹೋಗಿ, ನೆಲಮಾಳಿಗೆಯ ಮೆಟ್ಟಿಲಿಳಿದು ಆ ಹುಡುಗಿಯ ಪ್ರತಿಮೆಯ ಮುಂದೆ ಸ್ವಲ್ಪ ಹೊತ್ತು ನಿಂತು ಬಂದರೆ ಮಾತಿಗೆ ಒಳ್ಳೆಯ ಆರಂಭ ಸಿಕ್ಕೀತು.